ಹೆಂಗಸರು ಏನೂ ಮಾಡಲಿಲ್ಲವೋ, ಬರೆದವರು ಬಿಟ್ಟರೋ?

ಪ್ರಶ್ನೆ: ನನ್ನ ಮಗಳು 9ನೇ ಕ್ಲಾಸು. ಶಾಲೆಯ ಪ್ರಾಜೆಕ್ಟಿಗೆ ಅಂತ ಇತಿಹಾಸದ ಪುಸ್ತಕದಲ್ಲಿ ಬರುವ ಹೆಂಗಸರ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಳು. ಅರ್ಧ ಹಾಳೆಯೂ ತುಂಬಲಿಲ್ಲ. "ಆಗಿನ ಕಾಲದಲ್ಲಿ ಹೆಂಗಸರು ಹೊರಗೇ ಬರುತ್ತಿರಲಿಲ್ಲ, ಏನೂ ಮಾಡದವರ ಬಗ್ಗೆ ಏನಂತ ಬರೆಯೋದು? ಈಗ ಹೆಸರು ತುರುಕಿದರೆ ಅದು ಕಟ್ಟುಕಥೆ ಆಗುತ್ತೆ" ಅಂತ ನನ್ನ ತಮ್ಮ ಹೇಳಿದ. ಅವಳ ಮುಖ ಸಪ್ಪಗಾಯಿತು. ನನಗೂ ಉತ್ತರ ಹೊಳೆಯಲಿಲ್ಲ. ನಿಜ ಏನು ಅಂತ ತಿಳಿಸುತ್ತೀರಾ? – ಬಸವನಗುಡಿಯ ಓದುಗರೊಬ್ಬರು

ಉತ್ತರ: ನಿಮ್ಮ ತಮ್ಮ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದ್ದಾರೆ. ಹೆಂಗಸರು ಏನೂ ಮಾಡಲಿಲ್ಲ ಅನ್ನುವುದು ಒಂದು. ಈಗ ಸೇರಿಸಿದರೆ ಕಟ್ಟುಕಥೆ ಅನ್ನುವುದು ಇನ್ನೊಂದು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದನ್ನು ಮಾತ್ರ ಸುಮ್ನೆ ತಳ್ಳಿಹಾಕಬಾರದು, ಅದಕ್ಕೆ ಆಮೇಲೆ ಬರುತ್ತೇನೆ.

ಬಸವನಗುಡಿಯವರು ಅಂದಿರಿ, ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ. ವಾಣಿವಿಲಾಸ ರಸ್ತೆಯಲ್ಲಿ ನೀವು ದಿನಾ ಓಡಾಡುತ್ತೀರಿ. ಮಾರ್ಕೆಟ್ ಕಡೆ ಹೋದರೆ ವಾಣಿವಿಲಾಸ ಆಸ್ಪತ್ರೆ. ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ. ಇಷ್ಟೆಲ್ಲಕ್ಕೂ ಹೆಸರು ಕೊಟ್ಟವರು ಯಾರು ಅಂತ ನಿಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ. 1894ರ ಡಿಸೆಂಬರಿನಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಕೃಷ್ಣರಾಜನಿಗೆ ಆಗ 10 ವರ್ಷ. ಅಲ್ಲಿಂದ 1902ರ ಆಗಸ್ಟ್‌ವರೆಗೆ, ಮಗ ಪಟ್ಟಕ್ಕೆ ಬರುವ ತನಕ, ಮೈಸೂರು ಸಂಸ್ಥಾನದ ರೀಜೆಂಟ್, ಅಂದರೆ ಮಗನ ಪರವಾಗಿ ರಾಜ್ಯ ನಡೆಸುವವರು, ಆಗಿದ್ದವರು ಇವರು. ಶುರುವಾದಾಗ ಇವರಿಗೆ ಇನ್ನೂ 30 ತುಂಬಿರಲಿಲ್ಲ.

ಆ ಏಳೆಂಟು ವರ್ಷಗಳಲ್ಲಿ ಏನೇನಾಯಿತು ನೋಡಿ. ಹೆಸರಘಟ್ಟದ ನೀರು ಪೈಪಿನಲ್ಲಿ ಬೆಂಗಳೂರಿಗೆ ಬಂತು. 1897ರಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಇವರೇ ಅಡಿಗಲ್ಲು ಹಾಕಿದರು, 1900ರಲ್ಲಿ ಆಸ್ಪತ್ರೆ ತೆರೆಯಿತು. 1898ರಲ್ಲಿ ಊರಿಗೆ ಪ್ಲೇಗ್ ಬಿತ್ತು, ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ಎದ್ದದ್ದು ಆ ಹೊತ್ತಿನಲ್ಲೇ, ಅಂದರೆ ನೀವಿರುವ ಜಾಗವೂ ಆ ಆಳ್ವಿಕೆಯದ್ದೇ. 1902ರ ಜೂನ್‌ನಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮಾರಿಕಣಿವೆಯ ಅಣೆಕಟ್ಟಿನ, ಅಂದರೆ ಈಗಿನ ವಾಣಿವಿಲಾಸ ಸಾಗರದ, ಕೆಲಸ ಶುರುವಾಯಿತು.

ಇದೆಲ್ಲ ನಮಗೆ ಯಾರ ಹೆಸರಿನಲ್ಲಿ ಗೊತ್ತಿದೆ? ದಿವಾನ್ ಶೇಷಾದ್ರಿ ಅಯ್ಯರ್ ಹೆಸರಿನಲ್ಲಿ. ಕಬ್ಬನ್ ಪಾರ್ಕ್‌ನಲ್ಲಿ ಅವರ ಪ್ರತಿಮೆ ಇದೆ, ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ ಅವರ ಸ್ಮಾರಕ, ಶೇಷಾದ್ರಿಪುರ ಇದೆ, ಶೇಷಾದ್ರಿ ರಸ್ತೆ ಇದೆ. ಅವರು ದೊಡ್ಡ ಆಡಳಿತಗಾರರು, ಅದರಲ್ಲಿ ಎರಡು ಮಾತಿಲ್ಲ. ದಿವಾನರ ಕೆಲಸವನ್ನು ಕಿತ್ತು ರಾಣಿಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಆದರೆ ಮುಂದಿನ ತಲೆಮಾರಿಗೆ ಬಂದರೆ ಹೇಗೆ ಹೇಳುತ್ತೇವೆ ಗಮನಿಸಿ. ಅಲ್ಲೂ ಒಬ್ಬ ಅರಸರು, ಒಬ್ಬ ದಿವಾನರು ಇದ್ದರು. ನಾಲ್ವಡಿಯವರು, ವಿಶ್ವೇಶ್ವರಯ್ಯನವರು ಅಂತ ಇಬ್ಬರನ್ನೂ ಒಟ್ಟಿಗೇ ಹೇಳುತ್ತೇವೆ. ಇಬ್ಬರಲ್ಲಿ ಯಾರ ಪಾಲು ಜಾಸ್ತಿ ಅಂತ ಜಗಳವನ್ನೂ ಆಡುತ್ತೇವೆ. ರಾಣಿ ಮತ್ತು ದಿವಾನರ ವಿಷಯಕ್ಕೆ ಬಂದಾಗ ಮಾತ್ರ ದಿವಾನರೊಬ್ಬರೇ ಉಳಿಯುತ್ತಾರೆ. ಆಕೆಯ ಬಗ್ಗೆ ಜನರ ಬಾಯಲ್ಲಿ ಉಳಿದಿರುವ ಕಥೆ ಯಾವುದು? ಕನ್ನಂಬಾಡಿ ಕಟ್ಟೆಗೆ ಒಡವೆ ಮಾರಿದರು ಅನ್ನುವುದು. ಸಂಸ್ಥಾನ ಆಳಿದ್ದು ಮರೆತುಹೋಯಿತು, ಒಡವೆ ಬಿಚ್ಚಿಕೊಟ್ಟಿದ್ದು ನೆನಪಿದೆ!

ನಿಮಗೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ. ನಮ್ಮ ಇತಿಹಾಸದಲ್ಲಿ ಹೆಂಗಸರೇ ಇಲ್ಲ ಅಂತೇನಿಲ್ಲ. ಕತ್ತಿ ಹಿಡಿದವಳು, ತ್ಯಾಗ ಮಾಡಿದವಳು, ಚಿತೆ ಏರಿದವಳು ಪುಸ್ತಕದೊಳಗೆ ಬರುತ್ತಾಳೆ. ಲೆಕ್ಕ ಬರೆದವಳು, ಕಾಗದ ಬರೆದವಳು, ಸಂಧಾನ ಮಾಡಿದವಳು, ಊರು ಕಟ್ಟಿಸಿದವಳು ಬಾಗಿಲಲ್ಲೇ ಉಳಿಯುತ್ತಾಳೆ. ಗಂಡಸಿಗೆ ಈ ಷರತ್ತು ಇಲ್ಲ. ಅವನು ಕಂದಾಯ ಸರಿಪಡಿಸಿದರೂ ಸಾಕು, ಅವನಿಗೊಂದು ಅಧ್ಯಾಯ.

ಕಿತ್ತೂರು ಚೆನ್ನಮ್ಮನನ್ನೇ ತೆಗೆದುಕೊಳ್ಳಿ. ಹೆಸರು ಹೇಳಿದ ಕೂಡಲೇ ಕುದುರೆ, ಕತ್ತಿ. 1824ರ ಅಕ್ಟೋಬರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಿದ್ದು ಮಕ್ಕಳಿಗೂ ಗೊತ್ತು. ಆದರೆ ದತ್ತು ಮಗನ ಹಕ್ಕನ್ನು ಒಪ್ಪಿಕೊಳ್ಳಬೇಕು ಅಂತ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ವರೆಗೂ ಆಕೆ ಪತ್ರ ಕಳಿಸಿದ್ದು ಎಷ್ಟು ಜನಕ್ಕೆ ಗೊತ್ತು? ಕಾನೂನಿನ ದಾರಿಯಲ್ಲಿ ಕೇಳಿದರು, ಕಂಪನಿಯವರು ಒಪ್ಪಲಿಲ್ಲ, ಆಮೇಲೆ ಯುದ್ಧ. ಆ ಮೊದಲ ಭಾಗ ಬಿಟ್ಟರೆ ಚೆನ್ನಮ್ಮ ಬರೀ ಸಿಟ್ಟಿನ ಹೆಂಗಸಾಗಿ ಕಾಣುತ್ತಾಳೆ. ಸೇರಿಸಿದರೆ ರಾಜಕಾರಣ ಗೊತ್ತಿದ್ದ ಅರಸಿ ಕಾಣುತ್ತಾಳೆ. ಕೆಳದಿ ಚೆನ್ನಮ್ಮನದೂ ಇದೇ ಕಥೆ. 1672ರಿಂದ ಸುಮಾರು 25 ವರ್ಷ ರಾಜ್ಯ ಆಳಿದವಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರು ಹಾಕಿಕೊಂಡ ಒಂದು ಪ್ರಸಂಗ ಪಾಠವಾಗುತ್ತದೆ. ಉಳಿದ ವರ್ಷಗಳ ತೆರಿಗೆ, ವ್ಯಾಪಾರ, ಪೋರ್ಚುಗೀಸರ ಜೊತೆಗಿನ ಒಪ್ಪಂದ ಯಾರಿಗೂ ಬೇಡ.

"ದಾಖಲೆ ಇದ್ದರೆ ತಾನೇ ಬರೆಯೋದು" ಅಂತ ನಿಮ್ಮ ತಮ್ಮ ಕೇಳಬಹುದು. ದಾಖಲೆ ಕಣ್ಣೆದುರಿಗೇ ಇದ್ದೂ ಬಿಟ್ಟ ಒಂದು ಉದಾಹರಣೆ ಹೇಳುತ್ತೇನೆ. 1535ರ ಆಸುಪಾಸಿನಲ್ಲಿ ಫೆರ್ನಾವ್ ನೂನಿಜ್ ಅನ್ನುವ ಪೋರ್ಚುಗೀಸ್ ಕುದುರೆ ವ್ಯಾಪಾರಿ ವಿಜಯನಗರದಲ್ಲಿದ್ದ. ಅವನು ಬರೆದಿಟ್ಟಿದ್ದು ಹೀಗಿದೆ: ಅರಮನೆಯ ಒಳಗಿನ ಖರ್ಚಿನ ಲೆಕ್ಕ ಬರೆಯುವವರು ಹೆಂಗಸರು. ರಾಜ್ಯದ ಆಗುಹೋಗುಗಳನ್ನೆಲ್ಲ ಬರೆದಿಟ್ಟು, ಹೊರಗಿನ ಗುಮಾಸ್ತರ ಪುಸ್ತಕದ ಜೊತೆ ತಾಳೆ ನೋಡುವವರೂ ಹೆಂಗಸರು. ಕುಸ್ತಿ ಆಡುವವರು, ಜ್ಯೋತಿಷ ಹೇಳುವವರು, ನ್ಯಾಯ ಹೇಳುವವರು, ಕಾವಲುಗಾರರು ಹೀಗೆ ಎಲ್ಲದರಲ್ಲೂ ಹೆಂಗಸರಿದ್ದರು. ಪ್ರವಾಸಿಗಳು ಹೇಳುವ ಸಂಖ್ಯೆಗಳನ್ನು ನಾನು ಪೂರ್ತಿ ನಂಬುವುದಿಲ್ಲ, ಅವರು ಹಿಗ್ಗಿಸುತ್ತಾರೆ. ಆದರೆ ಎರಡು ಲೆಕ್ಕದ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡುವ ಹೆಂಗಸನ್ನು ಯಾರೂ ಕಲ್ಪನೆಯಿಂದ ಬರೆಯುವುದಿಲ್ಲ, ಅದು ನೋಡಿದವನ ಅಥವಾ ನೋಡಿದವರಿಂದ ಕೇಳಿದವನ ಮಾತು. ಇದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದು 1900ರಲ್ಲಿ. ಇಂಥ ವಿದೇಶಿಯರ ಬರಹಗಳಿಂದಲೇ ಹಂಪಿಯ ಬೀದಿಯಲ್ಲಿ ಮುತ್ತುರತ್ನ ಮಾರುತ್ತಿದ್ದರು ಅನ್ನುವ ಮಾತು ಎತ್ತಿಕೊಂಡು ನೂರಾರು ಸಲ ಹೇಳಿದ್ದೇವೆ. ಲೆಕ್ಕ ಬರೆಯುವ ಹೆಂಗಸರನ್ನು ಅಲ್ಲೇ ಬಿಟ್ಟುಬಂದೆವು.

ಇನ್ನು ಕೆಲವು ಸಲ ದಾಖಲೆಯನ್ನೇ ತಿದ್ದಿರುತ್ತಾರೆ. ಇದಕ್ಕೆ ನಮ್ಮ ಬೆಂಗಳೂರು ನಾಗರತ್ನಮ್ಮನವರ ಕಥೆ ಹೇಳದೆ ಇರಲಾರೆ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಅಂತ ಸಂಗೀತದವರು ಅವರನ್ನು ನೆನೆಯುತ್ತಾರೆ. ಅವರು ಮಾಡಿದ ಇನ್ನೊಂದು ಕೆಲಸ ಅಷ್ಟೇ ದೊಡ್ಡದು. 18ನೇ ಶತಮಾನದ ತಂಜಾವೂರಿನ ಆಸ್ಥಾನದಲ್ಲಿ ಮುದ್ದುಪಳನಿ ಅನ್ನುವ ಕವಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಅನ್ನುವ ಶೃಂಗಾರ ಕಾವ್ಯ ಬರೆದಿದ್ದಳು. 1887ರಲ್ಲಿ ಅದನ್ನು ಅಚ್ಚು ಹಾಕಿದವರು ಕೆಲವು ಪದ್ಯಗಳನ್ನೂ ಜೊತೆಗೆ ಪೀಠಿಕೆಯನ್ನೂ ಕೈಬಿಟ್ಟರು. ಪೀಠಿಕೆಯಲ್ಲಿ ಇದ್ದದ್ದೇನು? ಕವಿ ತನ್ನ ಅಜ್ಜಿ, ಸೋದರತ್ತೆಯರ ಕಡೆಯಿಂದ ತನ್ನ ಪರಂಪರೆ ಹೇಳಿಕೊಂಡಿದ್ದು. ಶೃಂಗಾರದ ಪದ್ಯ ತೆಗೆದದ್ದಕ್ಕೆ ಮರ್ಯಾದೆಯ ಕಾರಣ ಕೊಡಬಹುದು. ಅಜ್ಜಿಯ ಹೆಸರಿನಲ್ಲಿ ಯಾವ ಅಶ್ಲೀಲ ಇತ್ತು?

ನಾಗರತ್ನಮ್ಮನವರು ಹಸ್ತಪ್ರತಿ ಹುಡುಕಿಸಿ, ತಾಳೆ ನೋಡಿ, 1910ರಲ್ಲಿ ಮದರಾಸಿನಲ್ಲಿ ಪೂರ್ತಿ ಕಾವ್ಯ ಪ್ರಕಟಿಸಿದರು. ಸಮಾಜ ಸುಧಾರಕರು ಅಂತ ಹೆಸರಾಗಿದ್ದ ಕಂದುಕೂರಿ ವೀರೇಶಲಿಂಗಂ ಅವರು, ಹೆಂಗಸಿನ ಬಾಯಲ್ಲಿ ಬರಬಾರದ ಮಾತು ಅಂತ ಮುದ್ದುಪಳನಿಯನ್ನು ಬೈದಿದ್ದರು. ನಾಚಿಕೆ ಅನ್ನುವುದು ಹೆಂಗಸರಿಗೆ ಮಾತ್ರವೇ, ಇದಕ್ಕಿಂತ ಬಿಚ್ಚಿ ಬರೆದ ಗಂಡಸರನ್ನು ನೀವೇ ಮೆಚ್ಚಿಕೊಂಡಿದ್ದೀರಲ್ಲ ಅಂತ ನಾಗರತ್ನಮ್ಮನವರು ನೇರವಾಗಿ ತಿರುಗಿ ಕೇಳಿದರು. 1911ರಲ್ಲಿ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆಗೆದದ್ದು 1947ರಲ್ಲಿ. ಈಗ ಯೋಚಿಸಿ. 1887ರ ಪ್ರತಿಯನ್ನಷ್ಟೇ ಇಟ್ಟುಕೊಂಡು ಯಾರಾದರೂ ಸಾಹಿತ್ಯ ಚರಿತ್ರೆ ಬರೆದರೆ, ಹೆಂಗಸಿನಿಂದ ಹೆಂಗಸಿಗೆ ವಿದ್ಯೆ ಇಳಿದು ಬಂದದ್ದಕ್ಕೆ ಸಾಕ್ಷಿ ಇಲ್ಲ ಅಂತ ಪ್ರಾಮಾಣಿಕವಾಗಿಯೇ ಬರೆಯುತ್ತಾರೆ. ಸಾಕ್ಷಿಯನ್ನು ಕತ್ತರಿಸಿದ್ದು ಅವರಿಗೆ ಗೊತ್ತೇ ಇರುವುದಿಲ್ಲ.

ಚಿತ್ರಗಳ ವಿಷಯದಲ್ಲೂ ಇದು ಆಗಿದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ಹೆಂಗಸರ ಚಿತ್ರವೊಂದಿದೆ. ನಾಟ್ಯದವರೋ ವೇಶ್ಯೆಯರೋ ಇರಬೇಕು ಅಂತ ಬಹಳ ಕಾಲ ಅಂದುಕೊಂಡಿದ್ದರು. ಇವರು ಮೈಸೂರಿನ ರಾಣಿಯರು, ಸಿಡುಬಿನ ಹೊಸ ಲಸಿಕೆಗೆ ಜನರ ಭಯ ಹೋಗಲಿ ಅಂತ ಬರೆಸಿಕೊಂಡ ಚಿತ್ರ ಇದು, ಬಲಗಡೆಯ ಎಳೆಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನೇ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಅವರ ಪ್ರಕಾರ ನಡುವೆ ಇರುವವರು ಲಕ್ಷ್ಮಮ್ಮಣ್ಣಿ. ಹೈದರ್, ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವಲಿನೊಳಗಿದ್ದುಕೊಂಡೇ ಇಂಗ್ಲಿಷರ ಜೊತೆ ಗುಟ್ಟಾಗಿ ಮಾತುಕತೆ ನಡೆಸಿ 1782ರಲ್ಲಿ ಒಪ್ಪಂದ ಮಾಡಿಕೊಂಡಾಕೆ. ಆ ಒಪ್ಪಂದ ಸರಿಯೋ ತಪ್ಪೋ ಅಂತ ವಾದ ಮಾಡಿ, ಮಾಡಲೇಬೇಕು. ವಾದ ಮಾಡುವಷ್ಟಾದರೂ ಆಕೆಯ ಹೆಸರು ಗೊತ್ತಿರಬೇಕು, ಅಲ್ವಾ?

ಸ್ವಾತಂತ್ರ್ಯ ಹೋರಾಟಕ್ಕೆ ಬಂದರೆ ಸಮಸ್ಯೆ ಬೇರೆ ರೂಪದಲ್ಲಿದೆ, ಮತ್ತು ನಿಮ್ಮ ಮಗಳ ಪ್ರಾಜೆಕ್ಟಿಗೆ ಇದು ಹೆಚ್ಚು ಹತ್ತಿರ. ಹೋರಾಟಗಾರ ಯಾರು ಅನ್ನುವುದನ್ನು ನಾವು ಕಾಗದದಿಂದ ತೀರ್ಮಾನಿಸಿದ್ದೇವೆ. ಕೇಂದ್ರ ಸರ್ಕಾರ 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರು ಮಾಡಿತು. ಮುಖ್ಯ ಷರತ್ತು, ಕನಿಷ್ಠ 6 ತಿಂಗಳ ಜೈಲು. ಹೆಂಗಸರಿಗೆ ಮತ್ತು ಪರಿಶಿಷ್ಟರಿಗೆ 3 ತಿಂಗಳು ಸಾಕು ಅಂತ ಸಡಿಲಿಸಿದ್ದಾರೆ, ಒಳ್ಳೆಯದೇ. ಭೂಗತರಾಗಿದ್ದವರಿಗೂ ಅವಕಾಶ ಇದೆ, ಆದರೆ ಘೋಷಿತ ಅಪರಾಧಿ ಅಂತಲೋ, ಹಿಡಿದುಕೊಟ್ಟವರಿಗೆ ಬಹುಮಾನ ಅಂತಲೋ ಸರ್ಕಾರ ಹೊರಡಿಸಿದ ಆದೇಶ ಬೇಕು. ಹಾಗಾದರೆ 1942ರಲ್ಲಿ ಆ ಭೂಗತ ಹುಡುಗರಿಗೆ ರಾತ್ರಿ ಅನ್ನ ಹಾಕಿದ ಮನೆಯಾಕೆಗೆ ಯಾವ ಆದೇಶ ಇರುತ್ತದೆ? ಕರಪತ್ರವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟವಳಿಗೆ? ಸಿಕ್ಕಿಬಿದ್ದಿದ್ದರೆ ಅವರಿಗೂ ಜೈಲೇ. ಸಿಕ್ಕಿಬೀಳದ ಹಾಗೆ ಜಾಣತನದಿಂದ ಮಾಡಿದ್ದರಿಂದಲೇ ದಾಖಲೆಯಲ್ಲಿ ಇಲ್ಲದಾದರು. ಅವರಲ್ಲಿ ಎಷ್ಟೋ ಜನರ ಹೆಸರು ಕಡತಕ್ಕೆ ಬರುವುದೇ ಹೋರಾಟಗಾರರ ವಿಧವೆ ಅಂತ, ಕುಟುಂಬ ಪಿಂಚಣಿಯ ಅರ್ಜಿಯಲ್ಲಿ. ಇದು ನನ್ನನ್ನು ತುಂಬಾ ಕಾಡುವ ವಿಷಯ.

ಉತ್ತರ ಕನ್ನಡದ ಸಿದ್ದಾಪುರ, ಅಂಕೋಲಾ ಕಡೆ 1930ರ ದಶಕದ ಮೊದಲ ವರ್ಷಗಳಲ್ಲಿ ಕರನಿರಾಕರಣೆ ನಡೆಯಿತು. ಕಂದಾಯ ಕಟ್ಟದವರ ಆಸ್ತಿ ಜಪ್ತಿ ಮಾಡಿ ಹರಾಜು ಹಾಕಿದರು. ಹರಾಜಿನಲ್ಲಿ ಕೊಂಡವರ ಮನೆ ಬಾಗಿಲಲ್ಲಿ ಹೆಂಗಸರು ಉಪವಾಸ ಕೂತರು. ಊರಿನ ಜನ, ನೆಂಟರು ನೋಡುತ್ತಿರುವಾಗ ಬಾಗಿಲಲ್ಲಿ ಹಸಿದು ಕೂತ ಹೆಂಗಸನ್ನು ದಾಟಿ ಒಳಗೆ ಹೋಗಿ ಉಣ್ಣುವುದು ಸುಲಭವಲ್ಲ. ಪೊಲೀಸರ ಲಾಠಿಗೆ ಸಿಗದ ಹೋರಾಟ ಇದು. ಇದನ್ನು "ಮಹಿಳೆಯರೂ ಪಾಲ್ಗೊಂಡರು" ಅಂತ ಒಂದು ಸಾಲಿನಲ್ಲಿ ಮುಗಿಸುವುದನ್ನು ಎಷ್ಟು ಕಡೆ ಓದಿದ್ದೀರಿ! ಆ 'ರೂ' ಬಂದ ಕೂಡಲೇ ನನಗೆ ಗೊತ್ತಾಗಿಬಿಡುತ್ತದೆ, ಮುಂದೆ ಹೆಸರಾಗಲಿ ವಿವರವಾಗಲಿ ಇರುವುದಿಲ್ಲ. ನಾಯಕತ್ವದಲ್ಲೂ ಹೀಗೇ. 1930ರಲ್ಲಿ ದಂಡಿಗೆ ಹೊರಟ ಗಾಂಧೀಜಿಯ ಜೊತೆಗಾರರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಕರೆಯಬೇಕು ಅಂತ ಗಾಂಧೀಜಿಯ ಹತ್ತಿರವೇ ವಾದ ಮಾಡಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮುಖ್ಯರು. ನಮ್ಮ ಪಾಠದಲ್ಲಿ ಗಾಂಧೀಜಿ ಕರೆದರು, ಹೆಂಗಸರು ಬಂದರು ಅಂತಷ್ಟೇ ಇರುತ್ತದೆ.

ಈಗ ಕಟ್ಟುಕಥೆಯ ಮಾತು. ಇಲ್ಲಿ ನಿಮ್ಮ ತಮ್ಮನಿಗೆ ಸ್ವಲ್ಪ ಒಪ್ಪಿಗೆ ಕೊಡಬೇಕು. ಹೆಂಗಸರ ಹೆಸರು ಬೇಕು ಅನ್ನುವ ಉತ್ಸಾಹದಲ್ಲಿ ಸಿಕ್ಕಿದ್ದನ್ನೆಲ್ಲ ಚರಿತ್ರೆ ಅಂತ ಬರೆಯುವವರು ಇದ್ದಾರೆ. ವಾಟ್ಸಾಪ್‌ನಲ್ಲಿ ಬರುವ 'ಮರೆತುಹೋದ ವೀರನಾರಿ' ಕಥೆಗಳಲ್ಲಿ ತಾರೀಕು, ಸಂಭಾಷಣೆ ಎಲ್ಲ ಯಾರೋ ಕೂತು ಕಟ್ಟಿದ್ದು ಇರುತ್ತದೆ. ಅದು ಆ ಹೆಂಗಸರಿಗೇ ಮಾಡುವ ಅನ್ಯಾಯ. ಒಂದು ಸುಳ್ಳು ಸಿಕ್ಕರೆ ನಿಜವನ್ನೂ ಜನ ನಂಬುವುದಿಲ್ಲ.

ಒನಕೆ ಓಬವ್ವನ ಕಥೆ ನಮಗೆ ಬಂದದ್ದು ಚಿತ್ರದುರ್ಗದ ಜನರ ನೆನಪಿನಿಂದ. ಅದನ್ನು ಹಾಗೆಯೇ ಹೇಳಬೇಕು: ಇದು ಜನ ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ ಅಂತ. ಹಾಗೆ ಹೇಳಿದರೆ ಓಬವ್ವನ ಘನತೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕೋಟೆಯ ಕಾವಲುಗಾರನ ಹೆಂಡತಿಯ ಹೆಸರನ್ನು ಆಸ್ಥಾನದ ಬರಹಗಾರ ಬರೆಯುತ್ತಿರಲಿಲ್ಲ, ಜನ ನೆನಪಿಟ್ಟುಕೊಂಡರು. 1857ರಲ್ಲಿ ರಾಣಿ ಲಕ್ಷ್ಮೀಬಾಯಿಯ ಪರ ಹೋರಾಡಿದಳು ಅನ್ನುವ ಝಾನ್ಸಿಯ ಝಲಕಾರಿ ಬಾಯಿಯನ್ನೂ ಹೀಗೆಯೇ ಕೋರಿ ಸಮುದಾಯದವರು ಹಾಡಿನಲ್ಲಿ, ಕಥೆಯಲ್ಲಿ ಉಳಿಸಿಕೊಂಡರು. 2001ರಲ್ಲಿ ಆಕೆಯ ಅಂಚೆಚೀಟಿ ಬಂತು. ಕೆಳಜಾತಿಯ ಹೆಂಗಸಿಗೆ ಬಾಯಿಮಾತು ಬಿಟ್ಟರೆ ಬೇರೆ ದಾಖಲೆ ಸಿಗುವುದು ಅಪರೂಪ. ಹೀಗಾಗಿ ಬಾಯಿಮಾತನ್ನು ಪೂರ್ತಿ ಬಿಡಿ ಅನ್ನುವವರು ಯಾರನ್ನು ಹೊರಗಿಡುತ್ತಿದ್ದಾರೆ ಅಂತ ನೋಡಬೇಕು. ಅಲ್ಲದೆ ಅಳತೆ ಎಲ್ಲರಿಗೂ ಒಂದೇ ಇರಲಿ. ಮೊಲ ನಾಯಿಯನ್ನು ಅಟ್ಟಿಸಿಕೊಂಡು ಹೋದ ಜಾಗದಲ್ಲಿ ಕೆಂಪೇಗೌಡರು ಊರು ಕಟ್ಟಿದರು ಅಂದಾಗ ಯಾರೂ ಸಾಕ್ಷಿ ಕೇಳುವುದಿಲ್ಲ. ಓಬವ್ವ ಅಂದ ಕೂಡಲೇ ಕೇಳುತ್ತಾರೆ.

ಇದೇ ಕೆಂಪೇಗೌಡರ ಕಥೆಯಲ್ಲಿ ಸೊಸೆ ಲಕ್ಷ್ಮಮ್ಮನೂ ಬರುತ್ತಾಳೆ. ಕೋಟೆಯ ಬಾಗಿಲು ನಿಲ್ಲಲಿ ಅಂತ ತುಂಬು ಬಸುರಿ ತನ್ನ ತಲೆ ಕೊಟ್ಟಳು ಅನ್ನುವ ಕಥೆ, ಕೋರಮಂಗಲದಲ್ಲಿ ಅವಳ ಗುಡಿ ಇದೆ. ಅಷ್ಟು ದೊಡ್ಡ ಊರು ಕಟ್ಟುವ ಕಥೆಯಲ್ಲಿ ನಮಗೆ ಹೆಸರು ಗೊತ್ತಿರುವ ಹೆಂಗಸು ಅವಳೇ, ಅದೂ ಸತ್ತಿದ್ದಕ್ಕೆ. ಕಲ್ಲು ಮಣ್ಣು ಹೊತ್ತ ಹೆಂಗಸರು ಆ ಕಥೆಯಲ್ಲಿ ಇಲ್ಲ.

ರಜಿಯಾ ಬಗ್ಗೆ ಒಂದು ಮಾತು ಸೇರಿಸಿಬಿಡುತ್ತೇನೆ, ಯಾಕೆಂದರೆ ನಿಮ್ಮ ಮಗಳ ಹಾಳೆಯಲ್ಲಿ ಆಕೆ ಖಂಡಿತ ಇರುತ್ತಾಳೆ. 1236ರಿಂದ 1240ರವರೆಗೆ ದೆಹಲಿ ಆಳಿದವಳು. ಆಗಿನ ಚರಿತ್ರೆಕಾರ ಮಿನ್ಹಾಜ್, ಅರಸನಿಗೆ ಬೇಕಾದ ಗುಣಗಳೆಲ್ಲ ಅವಳಲ್ಲಿದ್ದವು, ಆದರೆ ಗಂಡಾಗಿ ಹುಟ್ಟದ ಮೇಲೆ ಅವುಗಳಿಂದ ಏನು ಬಂತು ಅನ್ನುವ ಅರ್ಥದಲ್ಲಿ ಬರೆದ. ಕನಿಷ್ಠ ಅವನು ತನ್ನ ಮನಸ್ಸಿನಲ್ಲಿದ್ದುದನ್ನು ಬಿಚ್ಚಿ ಬರೆದ. 1817ರಲ್ಲಿ ಬ್ರಿಟಿಷ್ ಲೇಖಕ ಜೇಮ್ಸ್ ಮಿಲ್ ಭಾರತದ ಇತಿಹಾಸ ಬರೆದಾಗ, ಹೆಂಗಸರನ್ನು ನಡೆಸಿಕೊಳ್ಳುವ ರೀತಿ ನೋಡಿ ನಾಗರಿಕತೆ ಅಳೆಯಬೇಕು ಅಂದ, ನಮ್ಮದು ಕೀಳು ಅಂತ ತೀರ್ಪು ಕೊಟ್ಟ. ನಮ್ಮವರು ಸಿಟ್ಟಿನಿಂದ, ಇಲ್ಲ, ನಮ್ಮ ಪ್ರಾಚೀನ ಕಾಲದಲ್ಲಿ ಗಾರ್ಗಿ, ಮೈತ್ರೇಯಿ ಇದ್ದರು ಅಂತ ಉತ್ತರ ಬರೆದರು. ಆ ಜಗಳ ಇವತ್ತಿಗೂ ಮುಗಿದಿಲ್ಲ. ಇಬ್ಬರಿಗೂ ಬೇಕಿದ್ದದ್ದು ದೇಶದ ಮಾನ. ಆ ಹೆಂಗಸರು ಬೆಳಗ್ಗೆ ಎದ್ದು ಏನು ಮಾಡುತ್ತಿದ್ದರು, ಜಮೀನು ಯಾರ ಹೆಸರಲ್ಲಿತ್ತು, ದುಡ್ಡು ಯಾರ ಕೈಯಲ್ಲಿತ್ತು ಅಂತ ಕೇಳಲು ಇಬ್ಬರಿಗೂ ಪುರುಸೊತ್ತು ಇರಲಿಲ್ಲ.

ಪ್ರಾಜೆಕ್ಟಿಗೆ ನನ್ನ ಸಲಹೆ. ಆ ಅರ್ಧ ಹಾಳೆಯನ್ನು ಹೆಸರುಗಳಿಂದ ತುಂಬಿಸುವ ಗೋಜಿಗೆ ಹೋಗಬೇಡಿ. ಒಬ್ಬರನ್ನು ಹಿಡಿದುಕೊಳ್ಳಲಿ. ಕೆಂಪನಂಜಮ್ಮಣ್ಣಿಯವರೇ ಆಗಬಹುದು, ಮನೆಯ ಹತ್ತಿರದ ವಿಷಯ. ಎಡಗಡೆ ಆ ವರ್ಷಗಳಲ್ಲಿ ಸಂಸ್ಥಾನದಲ್ಲಿ ಆದ ಕೆಲಸಗಳು, ಬಲಗಡೆ ಇವತ್ತು ಆ ಕೆಲಸಕ್ಕೆ ನಾವು ಯಾರ ಹೆಸರು ಹೇಳುತ್ತೇವೆ ಅನ್ನುವುದು. ಹಯವದನರಾಯರ ಮೈಸೂರು ಗೆಜೆಟಿಯರ್‌ನಲ್ಲಿ ಈ ಕಾಲದ ವಿವರ ಸಿಗುತ್ತದೆ. ದೊಡ್ಡ ಗ್ರಂಥಾಲಯದಲ್ಲಿ ಕೇಳಿದರೆ ಕೊಡುತ್ತಾರೆ, ನೀವೂ ಜೊತೆಗೆ ಹೋಗಿ.

ಒಂದು ಭಾನುವಾರ ಬೇಗೂರಿಗೂ ಕರೆದುಕೊಂಡು ಹೋಗಿ. ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 900ರ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ನಮ್ಮ ಊರಿನ ಹೆಸರಿರುವ ಹಳೆಯ ಕಲ್ಲು ಅಂತ ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ. ಅದರಲ್ಲಿ ಬರುವ ನಾಗತ್ತರ ಗಂಗರ ಕಾಲದ ಅಧಿಕಾರಿ, ಅವನ ಮಗಳು ತೊಂಡಬ್ಬೆ. ಅವಳು ಸಲ್ಲೇಖನ, ಅಂದರೆ ಅನ್ನ ನೀರು ಬಿಟ್ಟು ಸಾವನ್ನು ಬರಮಾಡಿಕೊಳ್ಳುವ ಜೈನರ ವ್ರತ, ಹಿಡಿದು ತೀರಿಕೊಂಡದ್ದನ್ನು ಹೇಳುವ ಶಾಸನವೂ ಬೇಗೂರಿನದ್ದೇ. ಕಾಳಗದ ಕಲ್ಲಿನ ಬಗ್ಗೆ ಬಂದಷ್ಟು ಬರಹ ತೊಂಡಬ್ಬೆಯ ಬಗ್ಗೆ ಬಂದಿಲ್ಲ. ಅವಳು ಯಾರು, ಯಾಕೆ ಆ ವ್ರತ ಹಿಡಿದಳು, ಅವಳಿಗೆ ಕಲ್ಲು ಬರೆಸುವಷ್ಟು ಮನ್ನಣೆ ಹೇಗೆ ಬಂತು ಅಂತ ನಿಮ್ಮ ಮಗಳು ಅಲ್ಲಿ ನಿಂತು ಪ್ರಶ್ನೆ ಬರೆದುಕೊಳ್ಳಲಿ. ಉತ್ತರ ಎಲ್ಲದಕ್ಕೂ ಸಿಗದಿದ್ದರೂ ಪರವಾಗಿಲ್ಲ, ಪ್ರಶ್ನೆಗಳನ್ನೇ ಪ್ರಾಜೆಕ್ಟಿನಲ್ಲಿ ಹಾಕಬಹುದು. ನಿಮ್ಮ ತಮ್ಮನನ್ನೂ ಕರೆದುಕೊಂಡು ಹೋಗಿ. ಗೆಜೆಟಿಯರ್ ಓದಲು ಕಷ್ಟವಾದರೆ, ಎಲ್ಲಿ ತೊಡಕಾಯಿತು ಅಂತ ಅವಳೇ ನನಗೆ ಬರೆಯಲಿ, ಕೂತು ಬಿಡಿಸಿ ಹೇಳುತ್ತೇನೆ.